ಬಾಣಂತನಕ್ಕೆ ಹಾಕಿದ ಬೆಳ್ಳುಳ್ಳಿ

ಮಗಳ ಸೀಮಂತದ ದಿನ ನಾನು ಆಡಿದ ಮಾತನ್ನು ನಮ್ಮ ನೆಂಟರು ಇನ್ನೂ ಮರೆತಿಲ್ಲ. ಮರೆಯುವುದೂ ಇಲ್ಲ. ಮದುವೆ ಮುಂಜಿಗಳಲ್ಲಿ ನನ್ನನ್ನು ಕಂಡಾಗ ಅವರಿಗೂ ನಗುವುದಕ್ಕೆ ಏನಾದರೂ ಬೇಕಲ್ಲ.

ಸೀಮಂತ ನಡೆದದ್ದು ಮಲ್ಲೇಶ್ವರದಲ್ಲಿ, ಬೀಗರ ಮನೆಯಲ್ಲಿ. ದೀಪಾವಳಿಗೆ ಇನ್ನೊಂದು ವಾರವಿತ್ತು. ಊಟ ಮುಗಿದು ಹೆಂಗಸರೆಲ್ಲ ಹಾಲಿನಲ್ಲಿ ಜಮಖಾನದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳು ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ದಣಿದು ಗೋಡೆಗೆ ಒರಗಿದ್ದಳು. ನಾನು ಹೊರಡುವುದಕ್ಕೆ ಎದ್ದಾಗ ಬೀಗಿತಿ, ಎಂದರೆ ಮಗಳ ಅತ್ತೆ, ಬಾಗಿಲ ತನಕ ಬಂದು ಬಹಳ ಮರ್ಯಾದೆಯಿಂದಲೇ ಹೇಳಿದರು: "ಬಾಣಂತನ ಇಲ್ಲೇ ಆಗ್ಲಿ ಬೀಗ್ರೆ. ನಿಮ್ಮನೇಲಿ ಹೆಂಗಸ್ರಿಲ್ಲ. ನೀವ್ಯಾಕೆ ಸುಮ್ನೆ ಒದ್ದಾಡ್ತೀರಾ?"

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಚಾಮರಾಜಪೇಟೆಯ ಮಹಡಿ ಮನೆಯಲ್ಲಿ ನಾನೊಬ್ಬನೇ. ಬೆಳಿಗ್ಗೆ ಸರ್ಕಾರಿ ಆಫೀಸು, ಸಂಜೆ ಟೀವಿ. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ಯಾರಾದರೂ ಮರ್ಯಾದೆಯಿಂದ ಮಾತಾಡಿದರೆ ಇನ್ನೂ ಬೇಗ ಬರುತ್ತದೆ, ಯಾಕೆಂದರೆ ತಿರುಗಿ ಬೈಯುವುದಕ್ಕೆ ದಾರಿ ಇರುವುದಿಲ್ಲ.

"ಚೊಚ್ಚಲ ಹೆರಿಗೆ. ಬಾಣಂತನ ತವರಲ್ಲೇ ಆಗ್ಬೇಕು. ನಮ್ಮನೇಲೇ ಮಾಡ್ತೀನಿ," ಎಂದೆ.

"ಯಾರು ಮಾಡ್ತಾರೆ?"

"ನಾನೇ."

ಹಾಲಿನಲ್ಲಿ ಎಲೆ ಅಗಿಯುವ ಸದ್ದೂ ನಿಂತಿತು. ಬೀಗರ ಕಡೆಯ ಯಾರೋ ಒಬ್ಬ ಹೆಂಗಸು, "ಏನೇನ್ ತಯಾರಿ ಮಾಡ್ಕೊಂಡಿದೀರಾ ಅಣ್ಣ?" ಎಂದು ಕೇಳಿದರು. ಬಾಣಂತನಕ್ಕೆ ಏನು ತಯಾರಿ ಬೇಕು ಎಂಬುದು ನನಗೆಲ್ಲಿ ಗೊತ್ತು! ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ.

"ಬೆಳ್ಳುಳ್ಳಿ ಹಾಕ್ತೀನಿ," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಮಗಳೂ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಾನು ಚಪ್ಪಲಿ ಮೆಟ್ಟಿಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಬಂದೆ.

ಅದು ತೀರಾ ಹುಚ್ಚು ಮಾತೇನೂ ಅಲ್ಲ. ಬಾಣಂತಿಗೆ ಬೆಳ್ಳುಳ್ಳಿ ಬೇಕೇ ಬೇಕು. ತುಪ್ಪದಲ್ಲಿ ಹುರಿದು ಮೊದಲ ತುತ್ತಿಗೆ ಕಲಸಿ ಕೊಡುತ್ತಾರೆ, ಮೆಣಸಿನ ಸಾರಿಗೆ ಜಜ್ಜಿ ಹಾಕುತ್ತಾರೆ. ಎದೆಹಾಲು ಚೆನ್ನಾಗಿ ಬರುತ್ತದೆ, ವಾಯು ಆಗುವುದಿಲ್ಲ ಎನ್ನುತ್ತಾರೆ. ನನ್ನ ಹೆಂಡತಿ ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ತಾರಸಿಯಲ್ಲಿ ಹಳೆಯ ಪೇಂಟ್ ಡಬ್ಬಗಳಿಗೆ ಮಣ್ಣು ತುಂಬಿ ಬೆಳ್ಳುಳ್ಳಿ ಹಾಕುತ್ತಿದ್ದಳು. ಮಾಗಿಯ ಚಳಿ ಚೆನ್ನಾಗಿ ಬಿದ್ದರೆ ಗಡ್ಡೆ ಕಟ್ಟುತ್ತದೆ, ಬೀಳದಿದ್ದರೆ ಬರೀ ಗರಿ ಬೆಳೆಯುತ್ತದೆ ಎನ್ನುತ್ತಿದ್ದಳು. ಊರೆಲ್ಲ ಚಳಿಯನ್ನು ಬೈದುಕೊಂಡು ಓಡಾಡುವಾಗ ಅವಳೊಬ್ಬಳು ಇನ್ನೂ ಸಾಲದು ಎನ್ನುತ್ತಿದ್ದಳು. ಅಂಗಡಿಯ ದಪ್ಪ ಬೆಳ್ಳುಳ್ಳಿಯಲ್ಲಿ ಖಾರವೇ ಇಲ್ಲ, ಮಗಳ ಬಾಣಂತನಕ್ಕೆ ಅದನ್ನು ಮುಟ್ಟಲ್ಲ ಎಂದು, ಮಗಳು ಇನ್ನೂ ಕಾಲೇಜಿಗೆ ಹೋಗುತ್ತಿದ್ದಾಗಲೇ ಘೋಷಿಸಿದ್ದಳು. ಬಾಣಂತನದ ಬಗ್ಗೆ ನನ್ನ ಕಿವಿಗೆ ಬಿದ್ದಿದ್ದ ಪಾಠ ಅದೊಂದೇ.

ಸಿಟ್ಟಿನ ಹಿಂದೆ ಹೆದರಿಕೆ ಇತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಾಯಿ ಇಲ್ಲದ ಮೇಲೆ ತವರೆಲ್ಲಿ ಎನ್ನುತ್ತಾರೆ. ಹೆಂಡತಿ ಹೋದ ಮೇಲೆ ಮಗಳು ನಮ್ಮ ಮನೆಗೆ ಬರುವ ರೀತಿಯೇ ಬದಲಾಗಿತ್ತು. ಮೊದಲೆಲ್ಲ ಬಂದವಳೇ ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳ ತೆಗೆಯುತ್ತಿದ್ದವಳು, ಈಗ ಫೋನ್ ಮಾಡಿ, "ಮನೇಲಿರ್ತೀಯಾ ಅಪ್ಪ?" ಎಂದು ಕೇಳಿ ಬರುತ್ತಿದ್ದಳು. ತಿಂಡಿಯನ್ನೂ ಅವಳೇ ಕಟ್ಟಿಸಿಕೊಂಡು ತರುತ್ತಿದ್ದಳು. ಕುರ್ಚಿಯ ಅಂಚಿನಲ್ಲಿ ಕೂತು, ನನ್ನ ಬಿಪಿ ಮಾತ್ರೆ ವಿಚಾರಿಸಿ, ಟ್ರಾಫಿಕ್ ಜಾಸ್ತಿ ಆಗುತ್ತೆ ಎಂದು ಹೊರಟುಬಿಡುತ್ತಿದ್ದಳು. ಬಾಣಂತನವೂ ಅತ್ತೆಮನೆಯಲ್ಲೇ ಆಗಿಹೋದರೆ ನನ್ನ ಮನೆ ಅವಳಿಗೆ ಹಬ್ಬಕ್ಕೊಮ್ಮೆ ಮುಖ ತೋರಿಸುವ ಜಾಗವಾಗುತ್ತದೆ, ತವರು ಎನ್ನುವುದು ಅಲ್ಲಿಗೆ ಮುಗಿಯುತ್ತದೆ ಎಂದು ನನಗೆ ಅನ್ನಿಸಿತ್ತು.

ದೀಪಾವಳಿ ಕಳೆದ ಭಾನುವಾರ ಅಕ್ಕಿಪೇಟೆಯ ಕಡೆ ಹೋಗಿ, ಅಂಗಡಿ ಅಂಗಡಿ ಅಲೆದು, ಸಣ್ಣ ಎಸಳಿನ ನಾಟಿ ಬೆಳ್ಳುಳ್ಳಿ ಹುಡುಕಿ ತಂದೆ. ಅಂಗಡಿಯವನು ದಪ್ಪದ್ದನ್ನೇ ಮುಂದೆ ತಳ್ಳುತ್ತ, "ಇದು ಸುಲಿಯೋಕೆ ಸುಲಭ ಸಾರ್" ಎಂದ. ನನಗೆ ಸುಲಿಯುವುದನ್ನು ಹೇಳಿಕೊಡಲು ಬಂದಿದ್ದ! ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಬೆಳ್ಳುಳ್ಳಿ ಸುಲಿಯುವ ಕೆಲಸ ನನ್ನದು. ಅಡುಗೆಮನೆಯ ಬೇರೆ ಯಾವ ಕೆಲಸಕ್ಕೂ ಹೆಂಡತಿ ನನ್ನನ್ನು ನಂಬಿರಲಿಲ್ಲ. ಸಂಜೆ ಟೀವಿ ಮುಂದೆ ಕೂತರೆ ಒಂದು ತಟ್ಟೆ ಬೆಳ್ಳುಳ್ಳಿ ತಂದು ನನ್ನ ಮಡಿಲಲ್ಲಿಟ್ಟು ಹೋಗುತ್ತಿದ್ದಳು. ವಾರ್ತೆ ಮುಗಿಯುವಷ್ಟರಲ್ಲಿ ನಾನು ಒಂದು ಗಾಯವೂ ಆಗದಂತೆ ಎಸಳೆಲ್ಲ ಬಿಳಿ ಮಾಡಿ ಇಡುತ್ತಿದ್ದೆ.

ಅವತ್ತು ಸಂಜೆಯೂ ಹಾಗೇ ಕೂತೆ. ಪೇಪರ್ ಹಾಸಿಕೊಂಡು ಒಂದೊಂದೇ ಎಸಳನ್ನು ಸಿಪ್ಪೆ ಸುಲಿದು, ಮಲ್ಲಿಗೆ ಮೊಗ್ಗಿನಂತೆ ಸಾಲಾಗಿ ಜೋಡಿಸಿದೆ. ಮಾರನೆಯ ದಿನ ಬೆಳಿಗ್ಗೆ ತಾರಸಿಗೆ ಹೋಗಿ, ಹೆಂಡತಿಯ ಡಬ್ಬಗಳ ಹಳೆ ಮಣ್ಣು ಕೆದಕಿ, ನರ್ಸರಿಯಿಂದ ತಂದ ಗೊಬ್ಬರ ಬೆರೆಸಿ, ಸುಲಿದ ಎಸಳುಗಳನ್ನು ಊರಿದೆ. ಎಸಳೂ ಮಗುವಿನ ಹಾಗೇ, ಬಾಯಾರಬಾರದಲ್ಲ ಎಂದು ದಿನಕ್ಕೆ ಎರಡು ಸಲ ನೀರು ಹಾಕಿದೆ.

ವಾರವಾದರೂ ಏನೂ ಏಳಲಿಲ್ಲ. ಕೆಳಗಿನ ಮನೆಯ ಅಜ್ಜಿ ಬಟ್ಟೆ ಒಣಗಿಸಲು ಮೇಲೆ ಬಂದವರು ಮೂಗು ಮುಚ್ಚಿಕೊಂಡು, "ಏನೋ ಕೊಳೀತಿದೆ ನೋಡಿ, ಇಲಿ ಗಿಲಿ ಸತ್ತಿದೆಯೇನೋ," ಎಂದರು. ಅವರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ನಾನು, "ಇಲ್ಲಮ್ಮ, ಗೊಬ್ಬರ, ಗೊಬ್ಬರ," ಎಂದೆ. ಅವರು ಇಳಿದ ಮೇಲೆ ಡಬ್ಬ ಕೆದಕಿ ನೋಡಿದರೆ ಎಸಳುಗಳೆಲ್ಲ ಕೊಳೆತು ಲೋಳೆಯಾಗಿದ್ದವು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು ಅಲ್ಲೇ ಕೂತೆ.

ಆ ಶನಿವಾರ ಬಂದ ಮಗಳಿಗೆ ಮುಚ್ಚಿಡಲಾಗಲಿಲ್ಲ. ಅವಳು ಡಬ್ಬ ನೋಡಿ, ನನ್ನನ್ನು ನೋಡಿ, "ಅಪ್ಪಾ, ಸುಲಿದು ನೆಟ್ಯಾ?" ಎಂದು ಕೇಳಿದವಳು, ಉತ್ತರಕ್ಕೂ ಕಾಯದೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಯಾರಾದ್ರೂ ಬೀಜದ ಸಿಪ್ಪೆ ಸುಲೀತಾರಾ ಅಪ್ಪ?"

"ನನಗೆ ಬರೋದು ಅದೊಂದೇ ಕಣೇ," ಎಂದೆ.

ಅವಳ ನಗು ನಿಂತಿತು. ಆಮೇಲೆ ಕೆಳಗಿಳಿದು ಹೋಗಿ ನನಗೂ ಅವಳಿಗೂ ಕಾಫಿ ಮಾಡಿದಳು. ಕಾಫಿಪುಡಿ ಎಲ್ಲಿದೆ ಎಂದು ನನ್ನನ್ನು ಕೇಳಿಯೇ ಮಾಡಿದಳು, ಅದು ನನಗೆ ನೋವಾಯಿತು.

ಎರಡು ದಿನ ಬಿಟ್ಟು ಅಳಿಯ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದ. ಮಾತು ಕಡಿಮೆಯ ಹುಡುಗ. ಬ್ಯಾಗಿನಿಂದ ಗರಿಸಮೇತ ಕಟ್ಟಿದ ಒಂದು ಕಂತೆ ಬೆಳ್ಳುಳ್ಳಿ ತೆಗೆದು ಮೇಜಿನ ಮೇಲಿಟ್ಟು, ಪಾಠ ಒಪ್ಪಿಸುವ ಹಾಗೆ ಹೇಳಿದ: "ಅಮ್ಮ ಕೊಟ್ರು ಮಾವ. ನಮ್ಮೂರಿನ ನಾಟಿ. ಎಸಳು ಬಿಡಿಸಿ, ಸಿಪ್ಪೆ ಹಾಗೇ ಇರ್ಲಿ, ಚೂಪು ಮೇಲೆ ಬರೋ ಹಂಗೆ ನೆಡ್ಬೇಕಂತೆ. ನೀರು ಕಮ್ಮಿ ಹಾಕ್ಬೇಕಂತೆ." ಸ್ವಲ್ಪ ತಡೆದು, "ನಗ್ಬೇಡ ಅಂತ ಹೇಳಿ ಕಳ್ಸಿದಾರೆ," ಎಂದ. ಆದರೂ ನಕ್ಕ.

ನನಗೆ ಕಿವಿ ಬಿಸಿಯಾಯಿತು. ಹೆಂಗಸರಿಲ್ಲದ ಮನೆ ಎಂದವರ ಮನೆಯ ಬೆಳ್ಳುಳ್ಳಿ ನನಗೇಕೆ? ವಾಪಸ್ ಕೊಟ್ಟುಬಿಡಬೇಕು ಎಂದುಕೊಂಡೆ. ಆದರೆ ಒಂದು ಎಸಳನ್ನು ಉಗುರಿನಿಂದ ಚಿವುಟಿ ಮೂಸಿದೆ. ಕಣ್ಣಿಗೆ ಹೊಡೆಯುವಂಥ ಖಾರ. ಕಂತೆಯನ್ನು ಒಳಗಿಟ್ಟುಕೊಂಡೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ವಾರ, ಸಿಪ್ಪೆಯ ತಂಟೆಗೆ ಹೋಗದೆ, ಚೂಪು ಮೇಲೆ ಮಾಡಿ, ಎರಡನೇ ಸಲ ಬೆಳ್ಳುಳ್ಳಿ ಹಾಕಿದೆ.

ಈ ಸಲ ಎದ್ದವು. ಬೆಳಿಗ್ಗೆ ಹಲ್ಲುಜ್ಜುತ್ತ ತಾರಸಿಗೆ ಹೋದವನು ಡಬ್ಬದ ಕರಿ ಮಣ್ಣಿನಲ್ಲಿ ಹಸಿರು ತುದಿಗಳನ್ನು ನೋಡಿ, ಪೇಸ್ಟ್ ಉಗುಳುವುದನ್ನೂ ಮರೆತು ನಿಂತುಬಿಟ್ಟೆ. ಆ ವರ್ಷ ಚಳಿಯೂ ಚೆನ್ನಾಗಿ ಬಿತ್ತು. ಡಿಸೆಂಬರಿನಲ್ಲಿ ಬೆಳಗಿನ ಮಂಜಿಗೆ ಎದುರು ಮನೆಯ ನೀರಿನ ಟ್ಯಾಂಕ್ ಕಾಣುತ್ತಿರಲಿಲ್ಲ. ಹಾಲಿನವರು, ಪೇಪರಿನವರು, ವಾಕಿಂಗ್ ಹೊರಟ ನಿವೃತ್ತರು ಎಲ್ಲರ ತಲೆಗೂ ಮಂಕಿ ಕ್ಯಾಪು. ಕೆಂಪು ಗಾರೆಯ ನೆಲ ಕಾಲಿಟ್ಟರೆ ಕೊರೆಯುತ್ತಿತ್ತು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಬೆಳ್ಳುಳ್ಳಿಯ ಪಕ್ಕ ನಿಂತು, ಇನ್ನೂ ಸ್ವಲ್ಪ ಬೀಳಲಿ ಎಂದು ಆಕಾಶ ನೋಡುತ್ತಿದ್ದೆ. ಹೆಂಡತಿಯ ಮಾತು ನನ್ನ ಬಾಯಲ್ಲಿ ಬರುವುದಕ್ಕೆ ಅವಳು ಹೋಗಬೇಕಾಯಿತು.

ಬೆಳ್ಳುಳ್ಳಿಯ ಜೊತೆಗೆ ಉಳಿದ ತಯಾರಿಯೂ ನಡೆಯಿತು. ಕೆಟ್ಟು ಕೂತಿದ್ದ ಗೀಸರ್ ರಿಪೇರಿ ಮಾಡಿಸಿದೆ. ಮಗಳ ಹಳೆಯ ಕೋಣೆಯ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಗಾಳಿ ಬಾರದಂತೆ ಮಾಡಿದೆ. ಮೆಣಸಿನ ಸಾರು ಮಾಡುವುದನ್ನು ಕಲಿತೆ. ಮೊದಲನೆಯದು ಕಷಾಯವಾಯಿತು, ಆಮೇಲಾಮೇಲೆ ಅನ್ನಕ್ಕೆ ಕಲಸಿಕೊಳ್ಳುವ ಮಟ್ಟಕ್ಕೆ ಬಂತು. ಆಫೀಸಿನಲ್ಲಿ ಗಳಿಕೆ ರಜೆಗೆ ಅರ್ಜಿ ಕೊಟ್ಟಾಗ ಪಕ್ಕದ ಮೇಜಿನ ಗೆಳೆಯ, "ಏನ್ ಗುರು, ಹೆರಿಗೆ ರಜೆನಾ?" ಎಂದು ಇಡೀ ಸೆಕ್ಷನ್ನಿಗೆ ಕೇಳುವಂತೆ ಕೂಗಿದ. "ಹೌದು, ನಿನಗೂ ಆಗ್ಲಿ ತಾಳು," ಎಂದೆ.

ಕೆಳಗಿನ ಮನೆಯ ಅಜ್ಜಿಗೂ ವಿಷಯ ಗೊತ್ತಾಯಿತು. ಬಟ್ಟೆ ಒಣಹಾಕುತ್ತ ಗರಿಗಳನ್ನು ಓರೆಗಣ್ಣಿನಲ್ಲಿ ನೋಡಿ, "ನಮ್ಮನೇಲಿ ಮುಟ್ಟಲ್ಲಪ್ಪ. ಆದ್ರೆ ಬಾಣಂತೀಲಿ ನಾನೂ ತಿಂದಿದೀನಿ. ನಮ್ಮತ್ತೆ ಬೇರೆ ಬಾಣಲೇಲಿ ಹುರಿದು ಕೊಡೋರು," ಎಂದರು.

"ರುಚಿ ಹೇಗಿತ್ತು?" ಎಂದೆ.

"ಚೆನ್ನಾಗಿತ್ತು ಅಂತ ಯಾರ ಹತ್ರ ಹೇಳ್ಲಿ?" ಎಂದು ಅಜ್ಜಿ ಸಣ್ಣಗೆ ನಕ್ಕು ಬಕೆಟ್ಟು ಎತ್ತಿಕೊಂಡರು. ಅವತ್ತಿನಿಂದ ವಾಸನೆಯ ದೂರು ಬರಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಬೀಗಿತಿ ನಮ್ಮ ಮನೆಗೆ ಬಂದರು. ಎಳ್ಳುಂಡೆ ಕೊಡುವ ನೆಪ. ನಿಜವಾಗಿ ಬಂದದ್ದು ತಪಾಸಣೆಗೆ. ಗೀಸರ್ ಹಾಕಿ ನೀರು ಮುಟ್ಟಿ ನೋಡಿದರು. ಕೋಣೆಯ ಕಿಟಕಿಗೆ ಕೈ ಹಿಡಿದು ಗಾಳಿ ಬರುತ್ತದೆಯೇ ಎಂದು ನೋಡಿದರು. ಸಾರಿನ ಪುಡಿ ಮೂಸಿ, ಮೆಣಸು ಜಾಸ್ತಿಯಾಯಿತು ಎಂದರು. ತಾರಸಿಗೆ ಹತ್ತಿ ಬೆಳ್ಳುಳ್ಳಿಯ ಗರಿಯನ್ನು ಎರಡು ಬೆರಳಲ್ಲಿ ಸವರಿ, "ಪರವಾಗಿಲ್ಲ, ಬಂದಿದೆ," ಎಂದರು. ಆಮೇಲೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲ್ಸಿದಂಗೆ ಆಯ್ತಲ್ಲ ಬೀಗ್ರೆ," ಎಂದು ನಕ್ಕರು. ನಾನೂ ನಕ್ಕೆ. ಎಲ್ಲದರಲ್ಲೂ ಪಾಸಾದೆ ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಆಗ ಅವರು ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿ ಕೇಳಿದರು: "ಎಲ್ಲಾ ಸರಿ. ನಾಳೆ ಎದೇಲಿ ಹಾಲು ಕಟ್ಕೊಂಡು ಜ್ವರ ಬಂದ್ರೆ ನಿಮ್ಮ ಹತ್ರ ಹೇಳ್ಕೋತಾಳಾ? ಹೊಲಿಗೆ ಹಾಕಿರೋ ಕಡೆ ನೋವಾದ್ರೆ ಹೇಳ್ಕೋತಾಳಾ? ನೀವು ಒಳ್ಳೇವ್ರೇ. ಆದ್ರೆ ಅಪ್ಪ ಅಲ್ವಾ?"

ಸಿಟ್ಟು ಬರಲೇ ಇಲ್ಲ. ಬಂದಿದ್ದರೆ ಚೆನ್ನಾಗಿತ್ತು. ಅವರು ಹೋದ ಮೇಲೆ ಕತ್ತಲಾಗುವ ತನಕ ಆ ಡಬ್ಬಗಳ ಮುಂದೆಯೇ ಕೂತಿದ್ದೆ.

ಮಾರನೆಯ ದಿನ ಮಗಳಿಗೆ ಫೋನ್ ಮಾಡಿ, ಸುತ್ತಿ ಬಳಸಿ, ಅದನ್ನೇ ಕೇಳಿದೆ. "ಕೆಲವು ವಿಷಯ ನಿನ್ನ ಹತ್ರ ಹೇಳೋಕಾಗಲ್ಲ ಅಪ್ಪ. ಬೇಜಾರ್ ಮಾಡ್ಕೋಬೇಡ."

"ಬೇಜಾರೇನಿಲ್ಲ. ನೀನು ಎಲ್ಲಿ ಅಂತೀಯೋ ಅಲ್ಲೇ ಆಗ್ಲಿ."

"ನನ್ನ ಮೇಲೆ ಯಾಕೆ ಹಾಕ್ತೀಯಾ? ಇಲ್ಲಿ ಅಂದ್ರೆ ನಿನಗೆ ಬೇಜಾರು, ಅಲ್ಲಿ ಅಂದ್ರೆ ಅತ್ತೆಗೆ ಬೇಜಾರು," ಎಂದಳು. ಅವಳ ದನಿಯಲ್ಲಿ ಸುಸ್ತಿತ್ತು. ಇನ್ನೂ ಒಂದು ತಿಂಗಳಿದೆಯಲ್ಲ, ನೋಡೋಣ ಎಂದು ಇಬ್ಬರೂ ಫೋನ್ ಇಟ್ಟೆವು.

ಆದರೆ ಒಂದು ತಿಂಗಳು ಇರಲಿಲ್ಲ. ಸಂಕ್ರಾಂತಿ ಕಳೆದ ಮೂರನೆಯ ದಿನ, ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಮುಂಚೆಯೇ, ಬಸವನಗುಡಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ತೂಕ ಸ್ವಲ್ಪ ಕಡಿಮೆ, ಮಿಕ್ಕಂತೆ ಏನೂ ತೊಂದರೆಯಿಲ್ಲ ಎಂದರು. ಬಿಳಿ ಬಟ್ಟೆಯಲ್ಲಿ ಸುತ್ತಿ ನನಗೆ ತೋರಿಸಿದಾಗ ಅದು ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟು ಹಾಕಿತು. ಸಿಟ್ಟಿನಲ್ಲಿ ನನ್ನನ್ನೇ ಹೋಲುತ್ತದೆ ಎಂದು ಎಲ್ಲರೂ ಹೇಳಿದರು. ನನಗೆ ಆ ಮಾತು ಬಹಳ ಇಷ್ಟವಾಯಿತು.

ಆದರೆ ಬಿಡುಗಡೆಯ ದಿನ ಹತ್ತಿರ ಬಂದಂತೆ, 'ಎಲ್ಲಿಗೆ' ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಅಳಿಯ ನನ್ನ ಮುಖ ನೋಡುತ್ತಿದ್ದ, ಅವನ ಅಮ್ಮನ ಮುಖ ನೋಡುತ್ತಿದ್ದ, ಆಮೇಲೆ ಫೋನ್ ನೋಡುತ್ತಿದ್ದ. ಸಣ್ಣ ಮಗು, ಕೊರೆಯುವ ಚಳಿ, ಹೆಂಗಸರಿಲ್ಲದ ಮನೆ. ಮಲ್ಲೇಶ್ವರವೇ ಸರಿ ಎಂದು ನನ್ನ ಬುದ್ಧಿಯೇ ಹೇಳುತ್ತಿತ್ತು. ಮನಸ್ಸು ಮಾತ್ರ ಕೇಳುತ್ತಿರಲಿಲ್ಲ.

ಬಿಡುಗಡೆಯ ದಿನ ಬೆಳಿಗ್ಗೆ ತಾರಸಿಗೆ ಹೋಗಿ ಒಂದು ಗಿಡವನ್ನು ಬುಡಸಮೇತ ಕಿತ್ತು ನೋಡಿದೆ. ಗಡ್ಡೆ ಇನ್ನೂ ಗೋಲಿಯಷ್ಟೇ. ಹಿಚುಕಿದರೆ ಮೆತ್ತಗಿತ್ತು, ಎಸಳೇ ಒಡೆದಿರಲಿಲ್ಲ. ಮಗು ಬಂದುಬಿಟ್ಟಿತ್ತು, ಬೆಳ್ಳುಳ್ಳಿ ಬಂದಿರಲಿಲ್ಲ. ಒಂದು ಗಡ್ಡೆ ಬೆಳ್ಳುಳ್ಳಿಗೆ ಗಂಡಸಾದವನು ಅಷ್ಟು ಸಂಕಟಪಡುತ್ತಾನೆಯೇ ಎಂದರೆ, ನಾನು ಪಟ್ಟೆ. ಮಣ್ಣು ಒರೆಸಿ, ಗರಿ ಮುರಿದು, ಯಾಕೆಂದು ಗೊತ್ತಿಲ್ಲದೆ ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟೆ.

ಅಳಿಯ ಬಿಲ್ ಕಟ್ಟಲು ಕೆಳಗೆ ಹೋಗಿದ್ದ. ಕೋಣೆಯೊಳಗೆ ನರ್ಸ್ ಮಗಳಿಗೆ ಏನೋ ಹೇಳಿಕೊಡುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಬೀಗಿತಿ ಒಬ್ಬರೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೊಡನೆ ಮೂಗು ಅರಳಿಸಿ, "ಏನ್ ಬೀಗ್ರೆ, ಬೆಳ್ಳುಳ್ಳಿ ವಾಸನೆ?" ಎಂದರು. ಜೇಬಿನಿಂದ ತೆಗೆದು ಕೊಟ್ಟೆ. "ಆಗ್ಲಿಲ್ಲಮ್ಮ. ಇನ್ನೂ ಎಳಸು," ಎಂದೆ.

ಅವರು ನಗಲಿಲ್ಲ. ಅಂಗೈಯಲ್ಲಿಟ್ಟು ಉರುಳಿಸಿ ನೋಡಿದರು. "ಬಾಣಂತನ ಅಂದ್ರೆ ಇವತ್ತು ಒಂದ್ ದಿನಾನಾ? ಮೂರು ತಿಂಗಳು. ಶಿವರಾತ್ರಿ ಕಳೆದ್ಮೇಲೆ ಕೀಳಿ, ಸರಿಯಾಗಿರುತ್ತೆ. ಅಲ್ಲೀವರ್ಗೂ ಹಳೇದು ನಾನು ಇಟ್ಟಿದೀನಿ."

ಅವರು ಮುಂದುವರಿಸಿದರು, ನನ್ನ ಕಡೆ ನೋಡದೆ, ಆ ಗಡ್ಡೆಯನ್ನೇ ನೋಡುತ್ತ.

"ನನ್ನ ಚೊಚ್ಚಲ ಹೆರಿಗೆ ಆದಾಗ ನನಗೂ ಅಮ್ಮ ಇರ್ಲಿಲ್ಲ ಬೀಗ್ರೆ. ಅಪ್ಪ ಊರಿಂದ ಬಸ್ಸಲ್ಲಿ ಬಂದ್ರು. ಬಾಗಿಲಲ್ಲೇ ನಿಂತ್ಕೊಂಡು ಮಗು ನೋಡಿದ್ರು. ನಮ್ಮತ್ತೆ, ನಿಮ್ಮನೇಲಿ ಹೆಂಗಸ್ರಿಲ್ಲ, ಇಲ್ಲೇ ಇರ್ಲಿ ಬಿಡಿ ಅಂದ್ರು. ಆಯ್ತಮ್ಮ ಅಂತ ಅಂದು ಅಪ್ಪ ಮುಂದಿನ ಬಸ್ಸಿಗೆ ಹೊರಟೋದ್ರು. ನಾನು ಒಳಗೆ ಮಲ್ಕೊಂಡು ಎಲ್ಲಾ ಕೇಳಿಸ್ಕೋತಿದ್ದೆ. ಒಂದ್ ಸಲ ಒಳಗೆ ಬಂದು, ಬರ್ತೀಯೇನಮ್ಮ ಅಂತ ಕೇಳ್ತಾರೇನೋ ಅಂತ ಕಾಯ್ತಿದ್ದೆ. ಕೇಳಿದ್ರೂ ನಾನು ಹೋಗ್ತಿರ್ಲಿಲ್ಲ. ಅಲ್ಲಿ ಯಾರಿದ್ರು? ಆದ್ರೆ ಕೇಳ್ಬೇಕಿತ್ತು."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು.

"ಸೀಮಂತದ ದಿನ ಅದೇ ಮಾತು ನನ್ನ ಬಾಯಲ್ಲೂ ಬಂತು. ಹೇಗೆ ಬಂತೋ ಗೊತ್ತಿಲ್ಲ. ನೀವು ಆಯ್ತು ಅನ್ಲಿಲ್ಲ, ಬೆಳ್ಳುಳ್ಳಿ ಹಾಕ್ತೀನಿ ಅಂದ್ರಿ. ಎಲ್ಲಾರೂ ನಕ್ರು. ನಾನು ಅವತ್ತು ಒಳಗೆ ಹೋಗಿ ಅತ್ಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡು, ಮತ್ತೆ ಗಟ್ಟಿ ದನಿಯಲ್ಲಿ, "ನನ್ನ ಹತ್ರ ಜಗಳ ಆಡಿದ್ರಿ, ಆಫೀಸಲ್ಲಿ ರಜ ಕೇಳಿದ್ರಿ, ಊರಿಗೆಲ್ಲ ಹೇಳಿದ್ರಿ. ಅವಳನ್ನ ಕೇಳಿದ್ರಾ?" ಎಂದರು.

"ಎಲ್ಲಿ ಅಂತೀಯೋ ಅಲ್ಲಿ ಅಂದಿದೀನಲ್ಲ."

"ಅದು ಕೇಳೋದಲ್ಲ ಬೀಗ್ರೆ. ಹೋಗಿ ಕರೀರಿ. ಅವಳು ಬರ್ತೀನಿ ಅಂದ್ರೆ ನಾನೂ ಬಂದು ನಿಮ್ಮನೇಲಿರ್ತೀನಿ. ಹೆಣ್ಮಕ್ಕಳ ವಿಷಯ ನನ್ನ ಹತ್ರ ಹೇಳ್ಕೊಳ್ಲಿ. ಮಿಕ್ಕಿದ್ದು ನೀವು ಮಾಡಿ. ನಮ್ಮನೆಯವ್ರು ಒಂದಷ್ಟು ದಿನ ಹೋಟ್ಲಲ್ಲಿ ತಿನ್ಲಿ, ಏನಾಗಲ್ಲ."

ಸೊಸೆಯ ಬಾಣಂತನ ಮಾಡಲು ಸೊಸೆಯ ತವರಿಗೆ ಹೋಗಿ ಕೂರುವ ಅತ್ತೆಯನ್ನು ನಾನು ಎಲ್ಲೂ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅವರಿಗೆ ಕೈ ಮುಗಿಯಬೇಕು ಅನ್ನಿಸಿತು. ಆದರೆ ಅವರು ಆಗಲೇ ಬೆರಳು ಮಾಡಿ ಬಾಗಿಲು ತೋರಿಸುತ್ತಿದ್ದರು.

ಒಳಗೆ ಹೋದೆ. ನರ್ಸ್ ಹೊರಟಿದ್ದಳು. ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಮಂಚದ ಅಂಚಿನಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದಳು. ನಾನು ಅವಳ ಎದುರಿಗೆ ನಿಂತೆ.

"ಮನೆಗೆ ಬರ್ತೀಯೇನಮ್ಮ?" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಅಮ್ಮ ಹೋದ್ಮೇಲೆ ಇವತ್ತೇ ಮೊದಲು ನೀನು ಕರೀತಿರೋದು," ಎಂದಳು.

ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದಳು.